ಏಳನೆಯ ಸಾಮಾನು

ನೀಲಪ್ಪನ ಗಂಟಿನಿಂದ ಹಗ್ಗ ತೆಗೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಮಿತಿಯವರು ಊರಿಡೀ ಇದನ್ನೇ ಹೇಳಿಕೊಂಡು ತಿರುಗಿದರು, ಅದು ಸುಳ್ಳೂ ಅಲ್ಲ. ಆದರೆ ಆ ಹಗ್ಗದ ಜಾಗದಲ್ಲಿ ಏನು ಬಂದು ಕೂತಿತ್ತು ಎನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಅದನ್ನು ನಾನು ಹೇಳುತ್ತೇನೆ.

ನಮ್ಮ ಊರು ಹೊಳೆಯ ಈಚೆ ದಡದಲ್ಲಿದೆ. ಆಚೆ ದಡದಿಂದಲೇ ಗುಡ್ಡಗಳು ಏಳುತ್ತವೆ. ಆ ಗುಡ್ಡಗಳ ನಡುವಿನ ಹಳ್ಳಗಳಲ್ಲಿ ಮರಳು ತೊಳೆದರೆ ಚಿನ್ನದ ಕಣ ಸಿಗುತ್ತದೆ. ಊರಿನ ಅರ್ಧ ಜನ ಬದುಕುವುದು ಅದರಿಂದಲೇ. ಅವರನ್ನು ಜಾಲಗಾರರು ಎನ್ನುತ್ತೇವೆ. ಹೊಳೆ ದಾಟುವವರು ಮೈಮೇಲಿನ ಬಟ್ಟೆ ಬಿಟ್ಟು ಏಳೇ ಸಾಮಾನು ಒಯ್ಯಬೇಕು. ಎಂಟು ಒಯ್ದರೆ, ಆಚೆ ದಡದಲ್ಲಿ ಗಂಟು ಬಿಚ್ಚಿದಾಗ ಒಂದು ಇರುವುದಿಲ್ಲ. ಯಾವುದು ಹೋಗುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ, ಹೋದದ್ದು ತಿರುಗಿ ಸಿಕ್ಕಿದ್ದೂ ಇಲ್ಲ. ನಮ್ಮ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ನಮಗೆ ಅದು ಮಳೆ ಬಿಸಿಲಿನ ಹಾಗೆ. ಅದರ ಮೇಲೆ ಸಿಟ್ಟು ಮಾಡಿಕೊಂಡವರನ್ನು ನಾನು ಕಂಡಿಲ್ಲ. ನನ್ನ ಸಿಟ್ಟೂ ಹೊಳೆಯ ಮೇಲಲ್ಲ.

ನನ್ನ ಕೆಲಸ ಗಂಟು ಕಟ್ಟುವುದು. ಹೊಳೆ ದಾಟುವ ಜಾಗದ ಹತ್ತಿರ ನನ್ನ ಅಂಗಡಿ. ಮೂವತ್ತು ವರ್ಷದಿಂದ ಹತ್ತು ದಿನದ ಪ್ರಯಾಣಕ್ಕೆ ಏಳು ಸಾಮಾನು ಆರಿಸಿಕೊಡುತ್ತ ಬಂದಿದ್ದೇನೆ. ಇದು ಹೇಳಿದಷ್ಟು ಸುಲಭವಲ್ಲ. ಅಕ್ಕಿ ಒಂದು, ಅದರ ಚೀಲ ಇನ್ನೊಂದು, ಬೇಯಿಸುವ ಪಾತ್ರೆ ಮತ್ತೊಂದು, ಅಲ್ಲಿಗೇ ಮೂರಾಯಿತು. ಅದಕ್ಕೇ ನಮ್ಮಲ್ಲಿ ಜೋಳ, ಪುಟಾಣಿ, ಬೆಲ್ಲ, ಉಪ್ಪು, ಒಣಶುಂಠಿ ಎಲ್ಲವನ್ನೂ ಹುರಿದು ಒಟ್ಟಿಗೆ ಬೀಸುತ್ತೇವೆ. ಬೀಸಿದ ಮೇಲೆ ಅದು ಒಂದೇ ಹಿಟ್ಟು. ಚೀಲ ಬೇಡ, ಕಂಬಳಿಯ ಮೂಲೆಗೆ ಕಟ್ಟಿದರೆ ಆಯಿತು. ಹಳ್ಳದ ನೀರಲ್ಲಿ ಕಲಸಿ ತಿನ್ನಬೇಕು. ಬೆಂಕಿಪೆಟ್ಟಿಗೆ ಒಯ್ಯುವಂತಿಲ್ಲ, ಒಂದೊಂದು ಕಡ್ಡಿಯೂ ಒಂದೊಂದು ಸಾಮಾನು. ಚಕಮಕಿ ಕಲ್ಲು ಆಚೆಯೇ ಸಿಗುತ್ತದೆ, ಕುಡುಗೋಲಿನ ಬೆನ್ನಿಗೆ ಹೊಡೆದರೆ ಕಿಡಿ ಬರುತ್ತದೆ. ಕುಡುಗೋಲಿಗೆ ಮರದ ಹಿಡಿ ಹಾಕಿಸಿದರೆ ಎರಡಾಗುತ್ತದೆ. ಅದಕ್ಕೆ ಕಮ್ಮಾರ ಇಮಾಮಸಾಬ ಹಿಡಿ ಅಲಗು ಎರಡನ್ನೂ ಒಂದೇ ಕಬ್ಬಿಣದಲ್ಲಿ ಬಡಿದುಕೊಡುತ್ತಾನೆ.

ಹೀಗೆ ಆರು ಸಾಮಾನು ಎಲ್ಲರಿಗೂ ಒಂದೇ. ಮರಳು ತೊಳೆಯಲು ಶಿವನಿ ಮರದ ಮರಿಗೆ. ಅಗಲವಾದ ತಟ್ಟೆಯಂಥದ್ದು, ಹಗುರ ಇರಬೇಕು, ಒಳಗಡೆ ಹೊಗೆ ಹಿಡಿಸಿ ಕಪ್ಪು ಮಾಡಿರಬೇಕು, ಇಲ್ಲದಿದ್ದರೆ ಕಣ ಕಾಣುವುದಿಲ್ಲ. ಒಂದು ಗಿಡ್ಡ ಹಾರೆ. ಕುಡುಗೋಲು. ಕಂಬಳಿ. ಹಿಟ್ಟು. ಹಗ್ಗ. ದರೆಯ, ಅಂದರೆ ಹಳ್ಳದ ಪಕ್ಕದ ಕಡಿದಾದ ಮಣ್ಣಿನ ಗೋಡೆಯ, ಕೆಳಗೆ ಅಗೆಯುವಾಗ ಆ ಹಗ್ಗವನ್ನು ಒಂದು ಕಡೆ ಮರಕ್ಕೆ, ಇನ್ನೊಂದು ಕಡೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಏಳನೆಯದು ಅವರವರದು. ಒಬ್ಬನಿಗೆ ಉಬ್ಬಸದ ಔಷಧಿ, ಒಬ್ಬಳಿಗೆ ಊರುಗೋಲು. ಕುಂಟ ದ್ಯಾಮಣ್ಣ ಒಂದು ಕಾಲಿಗೆ ದಪ್ಪ ಅಟ್ಟೆಯ ಜೋಡು ಹಾಕುತ್ತಿದ್ದ, ಅದೇ ಅವನ ಏಳನೆಯದು. ಇನ್ನೊಂದು ಕಾಲು ಬರಿಗಾಲು. ಹೊಸದಾಗಿ ಹೋಗುವವರನ್ನು ಎದುರಿಗೆ ಕೂರಿಸಿಕೊಂಡು ನಾನು ಅರ್ಧ ದಿನ ಮಾತಾಡಿಸುತ್ತಿದ್ದೆ. ರಾತ್ರಿ ನಿದ್ದೆ ಹೇಗೆ, ಹಲ್ಲು ನೋಯುತ್ತದೆಯೇ, ಮಳೆಯಲ್ಲಿ ನೆನೆದರೆ ಏನಾಗುತ್ತದೆ ಎಂದೆಲ್ಲ ಕೇಳಿ ಕೇಳಿ ಏಳನೆಯದನ್ನು ಕಂಡುಹಿಡಿಯುತ್ತಿದ್ದೆ.

ನೀಲಪ್ಪನ ಏಳನೆಯದು ಕನ್ನಡಕ. ಅವನಿಗೆ ನಲವತ್ತೈದರ ಮೇಲೆ. ದೂರದ್ದು ಹದ್ದಿನ ಹಾಗೆ ಕಾಣುತ್ತಿತ್ತು, ಮೊಳದೊಳಗಿನದು ಮಂಜು. ಕನ್ನಡಕ ಇಲ್ಲದಿದ್ದರೆ ಅವನಿಗೆ ಚಿನ್ನವೂ ಒಂದೇ, ಕಾಗೆಬಂಗಾರವೂ ಒಂದೇ. ನನಗೆ ಅವನು ತಮ್ಮನಿದ್ದ ಹಾಗೆ. ಅವನ ಮದುವೆಯಲ್ಲಿ ನಾನೇ ಅಕ್ಕನ ಸ್ಥಾನದಲ್ಲಿ ನಿಂತಿದ್ದೆ.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಹೊಳೆ ದಾಟುವುದನ್ನು ನೋಡಿಕೊಳ್ಳುವ ಊರ ಸಮಿತಿಯ ಅಧ್ಯಕ್ಷರಾದ ಸಂಗನಗೌಡರು ಚಾವಡಿಯಲ್ಲಿ ಸಭೆ ಕರೆದರು. ಮೇಜಿನ ಮೇಲೆ ಹಿತ್ತಾಳೆಯ ಬಿಲ್ಲೆಗಳ ರಾಶಿ. ಒಂದೊಂದೂ ಅಂಗೈಯಗಲ. ಮೇಲೆ ಸಮಿತಿಯ ಹೆಸರು, ಕೆಳಗೆ ಅಧ್ಯಕ್ಷರ ಹೆಸರು. ಅಧ್ಯಕ್ಷರ ಹೆಸರಿನ ಅಕ್ಷರಗಳೇ ದೊಡ್ಡವು. ಪರ ಊರಿನವರು ಕದ್ದು ಹೊಳೆ ದಾಟುತ್ತಿದ್ದಾರೆ, ಆದ್ದರಿಂದ ಇನ್ನು ಮುಂದೆ ನಮ್ಮವರೆಲ್ಲ ಗುರುತಿಗೆ ಈ ಬಿಲ್ಲೆ ಒಯ್ಯಬೇಕು, ಹೋಗುವಾಗಲೂ ಬರುವಾಗಲೂ ತೋರಿಸಬೇಕು ಎಂದರು. ಪರ ಊರಿನ ಒಬ್ಬನನ್ನೂ ನಾನು ಈ ಮೂವತ್ತು ವರ್ಷದಲ್ಲಿ ಆ ದಾರಿಯಲ್ಲಿ ಕಂಡಿಲ್ಲ.

ನಾನು ಎದ್ದು ನಿಂತೆ. "ಗೌಡ್ರ, ಇದೂ ಒಂದು ಸಾಮಾನಾತಲ್ರಿ. ಇದನ್ನ ಒಯ್ಯಾಕ ಏನು ಬಿಡಬೇಕು, ನೀವ ಹೇಳ್ರಿ."

"ಏನಾರ ಒಂದು ಬಿಡ್ರಿ."

"ಏನಾರ ಅಂದ್ರ?"

"ಹುಲಿಗೆವ್ವ, ನಾನೂ ಇದ ಊರಾಗ ಹುಟ್ಟಿದಾಂವ. ಆರು ಸಾಮಾನು ಎಲ್ಲಾರಿಗೂ ಬೇಕು, ಒಪ್ಪಿದೆ. ಏಳನೇದು ಹೆಂಗೂ ಒಬ್ಬೊಬ್ರ ಶೋಕಿ. ಅದನ್ನ ಬಿಟ್ರ ಆತು. ಊರಿನ ಒಳ್ಳೇದಕ್ಕ ಅಷ್ಟು ಹೊಂದ್ಕೋಬೇಕು."

ಶೋಕಿ! ದ್ಯಾಮಣ್ಣ ನನ್ನ ಪಕ್ಕದಲ್ಲೇ ಕೂತಿದ್ದ. ಅವನು ತನ್ನ ದಪ್ಪ ಅಟ್ಟೆಯ ಜೋಡನ್ನು ನಿಧಾನವಾಗಿ ಬೆಂಚಿನ ಕೆಳಗೆ ಎಳೆದುಕೊಂಡ. ಅದನ್ನು ನೋಡಿ ನನಗೆ ಕೂಗಬೇಕೆನಿಸಿತು. ಕೂಗಿದೆ ಕೂಡ. ಏನು ಕೂಗಿದೆನೋ ನೆನಪಿಲ್ಲ, ಸಮಿತಿಯ ಗುಮಾಸ್ತ ನನ್ನನ್ನು ಕೂರಿಸಿದ್ದು ಮಾತ್ರ ನೆನಪಿದೆ. ಸಮಿತಿಯ ಏಳು ಜನರಲ್ಲಿ ಒಬ್ಬರೂ ಯಾವತ್ತೂ ಹೊಳೆ ದಾಟಿದವರಲ್ಲ. ಸಂಗನಗೌಡರ ಜೋಡಿನ ತಳಕ್ಕೆ ಹೊಳೆಯ ಮರಳು ಕೂಡ ತಾಗಿರಲಿಲ್ಲ.

ಮೊದಲ ವಾರಗಳಲ್ಲಿ ಕೆಲವರು ಬಿಲ್ಲೆಯನ್ನು ಎಂಟನೆಯದಾಗಿ ಒಯ್ದು ನೋಡಿದರು. ಹೋದರೆ ಬಿಲ್ಲೆಯೇ ಹೋಗಲಿ ಎಂಬ ಆಸೆ. ಒಬ್ಬನ ಮರಿಗೆ ಹೋಯಿತು, ಹತ್ತು ದಿನದ ದಾರಿ ಖರ್ಚಾಗಿ ಬರಿಗೈಲಿ ಬಂದ. ಇನ್ನೊಬ್ಬಳ ಹಿಟ್ಟು ಹೋಯಿತು. ಬಿಲ್ಲೆ ಮಾತ್ರ ಒಬ್ಬರದೂ ಹೋಗಲಿಲ್ಲ. ಆ ಹೊಳೆಗೂ ಅದು ಬೇಡವಾಗಿತ್ತೆಂದು ಕಾಣುತ್ತದೆ. ಆಮೇಲೆ ಎಲ್ಲರೂ ಒಂದೊಂದು ಬಿಡತೊಡಗಿದರು. ಕಂಬಳಿ ಬಿಟ್ಟವರು ಜ್ವರ ತಂದುಕೊಂಡರು. ಕುಡುಗೋಲು ಬಿಟ್ಟವರು ಬೆಂಕಿಯಿಲ್ಲದೆ ಕತ್ತಲಲ್ಲಿ ಕೂತರು. ದ್ಯಾಮಣ್ಣ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಬುಟ್ಟಿ ಹೆಣೆಯತೊಡಗಿದ.

ನೀಲಪ್ಪ ಬಂದಾಗ ನಾವಿಬ್ಬರೂ ಅಂಗಡಿಯ ನೆಲದ ಮೇಲೆ ಅವನ ಸಾಮಾನು ಹರಡಿಕೊಂಡು ಬಹಳ ಹೊತ್ತು ಕೂತೆವು. ಎಂಟು ಸಾಮಾನು. ಒಂದನ್ನು ತೆಗೆಯಬೇಕು.

"ಅಕ್ಕ, ಕನ್ನಡಕ ತೆಗದ್ರ ನಾ ಹೋಗೂದ ಬ್ಯಾಡ. ಕಾಗೆಬಂಗಾರ ತುಂಬ್ಕೊಂಡು ಬಂದ್ರ ಗಂಗವ್ವ ಏನಂತಾಳ?"

"ಕಂಬಳಿ?"

"ಈಗ ಥಂಡಿ ಕಾಲ."

ನಾನು ಒಂದೊಂದನ್ನೇ ಮುಟ್ಟಿದೆ. ಮರಿಗೆ ಬೇಕು, ಹಾರೆ ಬೇಕು. ಕುಡುಗೋಲು, ಹಿಟ್ಟು ದಿನಾ ಬೇಕು. ಹಗ್ಗ ಬೇಕಾಗುವುದು ದರೆ ಜಾರಿದರೆ ಮಾತ್ರ. ದರೆ ಪ್ರತಿ ಸಲ ಜಾರುವುದಿಲ್ಲ. ಹಾಗೆಂದುಕೊಂಡು ನಾನು ಹಗ್ಗವನ್ನು ಈಚೆಗೆ ಸರಿಸಿದೆ.

"ದರೀ ಬುಡಕ್ಕ ಹೋಗಬ್ಯಾಡ. ಬಯಲಾಗಿದ್ದ ಮರಳಷ್ಟ ತೊಳಿ," ಎಂದೆ.

"ಹೂನವಾ, ನಾ ಏನ್ ಸಣ್ಣ ಹುಡುಗನ?" ಎಂದು ನಕ್ಕ. ಆದರೆ ಬಯಲಿನ ಮರಳನ್ನು ನಮ್ಮ ಅಪ್ಪಂದಿರೇ ತೊಳೆದು ಮುಗಿಸಿದ್ದಾರೆ. ಕಣ ಇರುವುದು ದರೆಯ ಬುಡದಲ್ಲೇ ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ಹತ್ತು ದಿನಕ್ಕೆ ಬರಬೇಕಾದವನು ಹನ್ನೆರಡಾದರೂ ಬರಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಅವನ ಹೆಂಡತಿ ಗಂಗವ್ವ ನನ್ನ ಅಂಗಡಿಗೆ ಬಂದಳು. ಅಳುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಬಿಗಿದುಕೊಂಡಿದ್ದಳು. "ನಾ ಹೋಗ್ತೀನಿ. ಗಂಟು ಕಟ್ಟು," ಎಂದಳು.

ನಾವು ಮೊದಲು ಸಮಿತಿಯ ಕಚೇರಿಗೆ ಹೋದೆವು. ಬಿಲ್ಲೆಯಿರುವ ಪೆಟ್ಟಿಗೆಗೆ ಬೀಗ. ಗುಮಾಸ್ತ ಸಂಬಂಧಿಕರ ಮದುವೆಗೆ ಹೋಗಿದ್ದಾನೆ, ಗುರುವಾರ ಬರುತ್ತಾನೆ. ಅಂದು ಸೋಮವಾರ. ಸಂಗನಗೌಡರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. "ಹುಡುಕಾಕ ಹೋಗೋರಿಗೂ ಬಿಲ್ಲೆ ಬೇಕವಾ. ಒಬ್ರಿಗೆ ಬಿಟ್ರ ಎಲ್ಲಾರೂ ಹುಡುಕಾಕ ಹೊಂಟೀವಿ ಅಂತಾರ. ಗುರುವಾರ ಬರ್ರಿ," ಎಂದರು. ಒಬ್ಬ ಮನುಷ್ಯ ಎಲ್ಲೋ ಬಿದ್ದಿದ್ದಾನೆ, ಇವರು ಗುರುವಾರ ಬರ್ರಿ ಎನ್ನುತ್ತಾರೆ. ಗಂಗವ್ವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬರದಿದ್ದರೆ ಆ ಚಹಾದ ಬಸಿ ಗೌಡರ ಕೈಯಲ್ಲಿ ಉಳಿಯುತ್ತಿರಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ನಾನು ಚಿನ್ನಕ್ಕಲ್ಲದೆ ಗಂಟು ಕಟ್ಟಿದೆ. ಇಬ್ಬರಿಗೆ ಹದಿನಾಲ್ಕು ಸಾಮಾನು. ಮರಿಗೆ, ಹಾರೆ ಬೇಡ ಎಂದು ತೆಗೆದೆ. ಆಮೇಲೆ ಮಣ್ಣು ಸರಿಸಬೇಕಾದೀತು ಎಂದು ಹಾರೆಯನ್ನು ತಿರುಗಿ ಇಟ್ಟೆ. ಎರಡು ಉದ್ದ ಹಗ್ಗ. ಎರಡು ಕಂಬಳಿ. ಒಂದು ಕುಡುಗೋಲು, ಅವನನ್ನು ಹೊತ್ತು ತರುವ ಜೋಳಿಗೆಗೆ ಬೇಕಾದ ಗಳ ಅಲ್ಲೇ ಕಡಿದುಕೊಳ್ಳಬಹುದು. ಹಿಟ್ಟು. ನೀರು ಕುಡಿಸಲು ತಂಬಿಗೆ. ಗಾಯಕ್ಕೆ ಅರಿಶಿನ ಕಲಸಿದ ಎಣ್ಣೆಯ ಕುಪ್ಪಿ, ಅದು ಎರಡು. ಹರಿದು ಕಟ್ಟಲು ಒಂದು ಹಳೆ ಸೀರೆ. ಹನ್ನೊಂದೇ ಆಯಿತು. ಉಳಿದ ಮೂರಕ್ಕೆ ಏನು ಎಂದು ನನಗೆ ತೋಚಲಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಜಾಗ ಉಳಿದದ್ದು ಅದೊಂದೇ ಸಲ.

ದಾಟುವ ಜಾಗದಲ್ಲಿ ಮುದಿಯಪ್ಪ ಕೂತಿರುತ್ತಾನೆ. ಸಾಮಾನು ಎಣಿಸುವುದೇ ಅವನ ಕೆಲಸ. ಯಾರೂ ತಪ್ಪಿ ಎಂಟು ಒಯ್ಯದಿರಲಿ ಎಂದು ಜೋರಾಗಿ ಎಣಿಸಿ ಕಳಿಸುತ್ತಾನೆ. ಈಗ ಬಿಲ್ಲೆ ನೋಡುವುದನ್ನೂ ಅವನಿಗೇ ಹಚ್ಚಿದ್ದರು. ನಮ್ಮಿಬ್ಬರನ್ನು ನೋಡಿ ಎದ್ದು ನಿಂತ.

"ಬಿಲ್ಲೆ ಇಲ್ಲ, ಮುದಿಯಪ್ಪ. ನಾವು ಹೋಗವ್ರ," ಎಂದೆ.

ಅವನು ಹೊಳೆಯ ಕಡೆ ನೋಡಿದ. "ನನಗ ಕಣ್ಣಾಗ ಏನೋ ಬಿದ್ದೈತಿ. ಮುಖ ತೊಳಕೊಂಡು ಬರ್ತೀನಿ. ಎಷ್ಟೊತ್ತು ತೊಳೀಲಿ?"

"ಸ್ವಲ್ಪ ಚೊಲೋತ್ನಾಗ ತೊಳಿ."

ನಾವು ದಾಟಿ ಆಚೆ ದಡ ಹತ್ತುವವರೆಗೂ ಅವನು ಬಗ್ಗಿ ಮುಖ ತೊಳೆಯುತ್ತಲೇ ಇದ್ದ.

ನೀಲಪ್ಪ ಸಿಕ್ಕಿದ್ದು ಮೂರನೆಯ ದಿನ ಮಧ್ಯಾಹ್ನ. ಗಂಗವ್ವ ಪ್ರತಿ ಹಳ್ಳದಲ್ಲೂ ನಿಂತು ಅವನ ಹೆಸರು ಕೂಗುತ್ತಿದ್ದಳು. ನಾಲ್ಕನೆಯ ಹಳ್ಳದಲ್ಲಿ ನೆಲದೊಳಗಿಂದ ಬಂದ ಹಾಗೆ ಒಂದು ಉತ್ತರ ಬಂತು. ದರೆ ಜಾರಿ, ಅದರ ಜೊತೆಗೆ ಅವನೂ ಜಾರಿ ಹಳೆಯ ಗುಂಡಿಯೊಂದಕ್ಕೆ ಬಿದ್ದಿದ್ದ. ಬಲಗಾಲಿನ ಮೇಲೆ ಬಂಡೆ. ಆರು ದಿನದಿಂದ ಅಲ್ಲೇ. ಸೊಂಟದ ಮೇಲಿದ್ದ ಕಂಬಳಿಯ ಹಿಟ್ಟು ತಿಂದು, ಗೋಡೆಯಲ್ಲಿ ಜಿನುಗುವ ನೀರು ನೆಕ್ಕಿ ಜೀವ ಹಿಡಿದಿದ್ದ. ಸಮೀಪದಲ್ಲಿ ಮರಳು ತೊಳೆಯುತ್ತಿದ್ದ ಇಬ್ಬರು ಜಾಲಗಾರರು ನಮ್ಮ ಕೂಗು ಕೇಳಿ ಓಡಿ ಬಂದರು. ಅವರ ಬಳಿಯೂ ಹಗ್ಗ ಇರಲಿಲ್ಲ, ಅವರೂ ಅದನ್ನೇ ಬಿಟ್ಟು ಬಂದಿದ್ದರು. ನಮ್ಮ ಹಗ್ಗದಲ್ಲಿ ಇಳಿದು, ಹಾರೆಯಿಂದ ಬಂಡೆ ಎಬ್ಬಿಸಿ, ಅವನನ್ನು ಮೇಲಕ್ಕೆ ಎಳೆದೆವು. ಅವನ ಕಿವಿಗೆ ಸಿಕ್ಕಿಸಿದ್ದ ಕನ್ನಡಕಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕಾಲು ಮಾತ್ರ ಕಪ್ಪಾಗಿತ್ತು. ಗಂಗವ್ವ ಅದನ್ನು ಒಮ್ಮೆ ನೋಡಿ, ಮತ್ತೆ ನೋಡದೆ ಸೀರೆ ಹರಿಯತೊಡಗಿದಳು.

ಜೋಳಿಗೆಯಲ್ಲಿ ಊರಿಗೆ ಹೊತ್ತು ತಂದ ಮೇಲೆ ಡಾಕ್ಟರು ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಎರಡು ದಿನ ಮೊದಲು ತಂದಿದ್ದರೆ ಉಳಿಯುತ್ತಿತ್ತೇನೋ ಎಂದರು. ಅವರಿಗೆ ಗೊತ್ತಿಲ್ಲ, ಗುರುವಾರದವರೆಗೆ ಕಾದಿದ್ದರೆ ಕಾಲಿನ ಜೊತೆ ಮನುಷ್ಯನೇ ಹೋಗುತ್ತಿದ್ದ.

ಮುಂದಿನ ವಾರ ಸಮಿತಿಯವರು ಚಾವಡಿಯ ಗೋಡೆಗೆ ಒಂದು ಕಾಗದ ಅಂಟಿಸಿದರು. ನೀಲಪ್ಪನ ಗಂಟಿನಲ್ಲಿ ಹಗ್ಗ ಇರಲಿಲ್ಲ, ಇದು ಗಂಟು ಕಟ್ಟಿದವರ ಅಜಾಗರೂಕತೆ, ಆದ್ದರಿಂದ ಹುಲಿಗೆವ್ವ ಇನ್ನು ಮುಂದೆ ಗಂಟು ಕಟ್ಟುವಂತಿಲ್ಲ. ಅದೂ ಅಲ್ಲದೆ ಆಕೆ ಬಿಲ್ಲೆಯಿಲ್ಲದೆ ಹೊಳೆ ದಾಟಿದ್ದಾಳೆ. ಬಿಲ್ಲೆ ಎನ್ನುವ ಮಾತು ಆ ಕಾಗದದಲ್ಲಿ ಬಂದದ್ದು ಅದೊಂದೇ ಕಡೆ. ನಾನು ಅದರ ಮುಂದೆ ನಿಂತು ಮೂರು ಸಲ ಓದಿದೆ. ಹಗ್ಗ ತೆಗೆದದ್ದು ಈ ಕೈ ಎನ್ನುವುದು ನನ್ನನ್ನು ಮೊದಲೇ ತಿನ್ನುತ್ತಿತ್ತು. ಎಷ್ಟೋ ಸಲ ಊಟದ ಮುಂದೆ ಕೂತು ತುತ್ತು ಕಲಸಿ ಹಾಗೇ ಎದ್ದಿದ್ದೇನೆ. ಆದರೆ ನನ್ನ ತಪ್ಪನ್ನು ನಾನು ಹೊರುತ್ತೇನೆ, ಇವರು ತಮ್ಮದನ್ನೂ ತಂದು ಅದರ ಮೇಲೆ ಹೇರುವುದೆಂದರೇನು! ಕಾಗದ ಕಿತ್ತು ಚೂರು ಮಾಡಿದೆ. ಮರುದಿನ ಇನ್ನೊಂದು ಅಂಟಿಸಿದರು.

ಅಂಗಡಿಯ ಬಾಗಿಲು ಹಾಕಿ ಒಂದು ತಿಂಗಳಾಗಿರಬೇಕು. ಒಂದು ದಿನ ಮಧ್ಯಾಹ್ನ, ಊಟ ಮುಗಿಸಿ ಊರೆಲ್ಲ ಮಲಗಿರುವ ಹೊತ್ತಿನಲ್ಲಿ, ಹಿತ್ತಲ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೋಡಿದರೆ ಸಂಗನಗೌಡರು. ತಲೆಯ ಮೇಲೆ ಟವೆಲು ಹೊದ್ದಿದ್ದರು.

"ಹುಲಿಗೆವ್ವಾರ," ಎಂದರು. ಇಷ್ಟು ವರ್ಷದಲ್ಲಿ ನಾನು ಅವರ ಬಾಯಲ್ಲಿ ಹೀಗೆ ಗೌರವದ ‘ಆರ’ ಹಚ್ಚಿ ಕರೆಸಿಕೊಂಡವಳಲ್ಲ. "ನಮ್ಮ ಅಳಿಯ ನಾಳೆ ಹೊಳಿ ದಾಟ್ತಾನಂತ. ಎಷ್ಟು ಹೇಳಿದ್ರೂ ಕೇಳವಲ್ಲ. ಮಾವನ ಮನ್ಯಾಗ ಕುಂತು ಉಣ್ಣಾಕ ನಾಚಿಕಿ ಆಗ್ತೈತಿ ಅಂತಾನ. ಮಗಳು ತುಂಬಿದ ಬಸರಿ. ನೀವ ಕಟ್ಟಿಕೊಡಬೇಕು. ನಿಮ್ಮಂಗ ಕಟ್ಟವ್ರು ಯಾರದಾರ?"

"ನಾ ಕಟ್ಟಂಗಿಲ್ಲ ಅಂತ ಗ್ವಾಡಿಮ್ಯಾಲ ಬರದೀರಲ್ರಿ."

"ಅದು ಇರಲಿ. ಅವಂಗ ಉಬ್ಬಸ ಐತಿ. ಔಷಧ ಇಲ್ದ ಒಂದು ದಿನ ಇರಾಂಗಿಲ್ಲ. ಹಗ್ಗನೂ ಬೇಕ ಬೇಕು. ಬಿಲ್ಲೇದು ನಾ ನೋಡ್ಕೋತೀನಿ. ಅವನೊಬ್ಬಂಗ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ."

ಏಳನೆಯದು ಶೋಕಿ ಎಂದ ಬಾಯಿ ಇದೇ. ನಾನು ಬಾಗಿಲು ಹಾಕಿಬಿಡಬಹುದಿತ್ತು. ಹಾಕಬೇಕು ಎಂದು ಅಗುಳಿಯ ಮೇಲೆ ಕೈಯನ್ನೂ ಇಟ್ಟೆ. ಆದರೆ ಆ ಅಳಿಯ ಪ್ರಭು, ಪಾಪ, ನನಗೇನು ಮಾಡಿದ್ದಾನೆ? ಇನ್ನೊಬ್ಬ ಮನುಷ್ಯನ ಗಂಟಿನಲ್ಲಿ ಒಂದು ಸಾಮಾನು ಕಡಿಮೆಯಾಗುವುದನ್ನು ನಾನು ನೋಡಲಾರೆ, ಅವನು ಯಾರ ಅಳಿಯನೇ ಆಗಲಿ.

"ಕಟ್ತೀನಿ," ಎಂದೆ. "ಆದ್ರ ಮುಂಜಾನೆ ನಿಮ್ಮ ಅಳಿಯಾರು ಬಂದು ಒಯ್ಯೂದಲ್ಲ. ನೀವ ಬರಬೇಕು. ಹಿತ್ತಲದಾಗಲ್ಲ, ಮುಂದಿನ ಬಾಗಲಕ್ಕ. ಗಂಟು ನೀವ ತಲಿಮ್ಯಾಲ ಹೊತ್ಕೊಂಡು ಹೊಳೀತನಕ ಬರಬೇಕು. ಟವೆಲ್ಲು ಹೊದೀಬಾರದು."

ಅವರು ತಲೆಯಾಡಿಸಿ ಹೋದರು.

ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಆ ಬೆಳಿಗ್ಗೆ ಹನ್ನೊಂದು ಜನ ಹೊಳೆ ದಾಟಲು ಸಾಲುಗಟ್ಟಿ ನಿಂತಿದ್ದರು, ಎಲ್ಲರ ಕೈಯಲ್ಲೂ ಬಿಲ್ಲೆ. ಅವರ ನಡುವೆ ಅಧ್ಯಕ್ಷರು ತಲೆಯ ಮೇಲೆ ಕಂಬಳಿಯ ಗಂಟು ಹೊತ್ತು ಬೆವರು ಸುರಿಸುತ್ತ ಬಂದರೆ ಹೇಗಿರಬೇಡ! ಹಿಂದೆ ಅಳಿಯ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಯಾರೂ ನಗಲಿಲ್ಲ. ಮುದಿಯಪ್ಪ ಗಂಟು ಬಿಚ್ಚಿದ. ಎಂದಿನ ಹಾಗೆ ಜೋರಾಗಿ ಎಣಿಸಿದ.

"ಮರಿಗಿ ಒಂದು. ಹಾರಿ ಎರಡು. ಕುಡುಗೋಲು ಮೂರು. ಕಂಬಳಿ ನಾಲ್ಕು. ಹಿಟ್ಟು ಐದು. ಹಗ್ಗ ಆರು. ಔಷಧದ ಉಂಡಿ ಏಳು." ತಲೆಯೆತ್ತಿದ. "ಬಿಲ್ಲೆ?"

"ಬಿಡು, ಮುದಿಯಪ್ಪ," ಎಂದರು ಗೌಡರು, ದನಿ ತಗ್ಗಿಸಿ.

ಮುದಿಯಪ್ಪ ಗಂಟು ಕಟ್ಟಲಿಲ್ಲ. ಸಾಲಿನಲ್ಲಿ ನಿಂತವರನ್ನು ಒಮ್ಮೆ ನೋಡಿದ. "ಯಾರಿಗೆ ಬಿಡ್ಲೆಪ್ಪಾ? ಇವ್ರಿಗಷ್ಟನಾ?"

ಗೌಡರು ನನ್ನ ಕಡೆ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಅಷ್ಟರಲ್ಲಿ ಅಳಿಯ ಮುಂದೆ ಬಂದ. ಗಂಟಿನಿಂದ ಔಷಧದ ಉಂಡೆಯನ್ನು ಎತ್ತಿ ಮಾವನ ಕೈಗೆ ಕೊಟ್ಟು, "ಎಲ್ಲಾರಿಗೂ ಇಲ್ಲ ಅಂದ್ರ ನನಗೂ ಬ್ಯಾಡ್ರಿ. ಬಿಲ್ಲೆ ಕೊಡ್ರಿ, ಒಯ್ತೀನಿ," ಎಂದ. ಹಾಗೆ ಹೇಳುವಾಗಲೇ ಅವನ ಎದೆ ಸುಂಯ್‌ಗುಡುತ್ತಿತ್ತು.

ಗೌಡರ ಕೈಯಲ್ಲಿ ಆ ಉಂಡೆ. ಒಂದು ನಿಂಬೆಹಣ್ಣಿನಷ್ಟು. ಅದನ್ನು ಅವರು ಹೇಗೆ ಹಿಡಿದುಕೊಳ್ಳಬೇಕೆಂದು ತಿಳಿಯದವರ ಹಾಗೆ ಹಿಡಿದಿದ್ದರು.

"ಎಲ್ಲಾರಿಗೂ ಬಿಡು," ಎಂದರು.

"ಕೇಳಲಿಲ್ರಿ," ಎಂದ ಮುದಿಯಪ್ಪ.

"ಎಲ್ಲಾರಿಗೂ ಬಿಡು ಅಂದೆ! ಬಿಲ್ಲೆ ಯಾರೂ ಒಯ್ಯೂದು ಬ್ಯಾಡ."

ಹನ್ನೊಂದು ಜನವೂ ಅಲ್ಲಿಂದಲೇ ಮನೆಗೆ ಓಡಿದರು, ಬಿಟ್ಟು ಬಂದ ಸಾಮಾನು ತರಲು. ಆ ದಿನ ಹೊಳೆ ದಾಟುವುದು ಮಧ್ಯಾಹ್ನವಾಯಿತು. ಚಾವಡಿಯ ಗೋಡೆಯ ಕಾಗದವನ್ನು ಯಾರು ತೆಗೆದರೋ ನನಗೆ ಗೊತ್ತಿಲ್ಲ, ಸಂಜೆ ಹೊತ್ತಿಗೆ ಅದು ಇರಲಿಲ್ಲ.

ನಾನು ನೇರವಾಗಿ ನೀಲಪ್ಪನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಗಂಗವ್ವ ಮಾಡಿಸಿಕೊಟ್ಟ ಊರುಗೋಲು. ನಡೆದದ್ದನ್ನೆಲ್ಲ ಹೇಳಿದೆ. ಗೌಡರು ಗಂಟು ಹೊತ್ತು ಬಂದದ್ದನ್ನು ಎರಡು ಸಲ ಹೇಳಿಸಿಕೊಂಡು ನಕ್ಕ. ಆಮೇಲೆ ನೋಡಿದರೆ ಬೆರಳು ಮಡಚಿ ಏನೋ ಎಣಿಸುತ್ತಿದ್ದ.

"ಏನ್ ಎಣಸಾಕತ್ತೀಯೋ?"

"ಮರಿಗಿ, ಹಾರಿ, ಕುಡುಗೋಲು, ಕಂಬಳಿ, ಹಿಟ್ಟು, ಹಗ್ಗ. ಕನ್ನಡಕ. ಈಗ ಊರುಗೋಲು." ಅವನು ಕೈ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡ. "ಎಂಟಾತಲ್ಲಕ್ಕ ನನಗ."

ಒಳಗೆ ಗಂಗವ್ವ ಬೀಸುವುದನ್ನು ನಿಲ್ಲಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಬೀಸತೊಡಗಿದಳು. ಏಳರಲ್ಲಿ ಹೇಗಾದರೂ ಹೊಂದಿಸುವುದೇ ನನ್ನ ಕೆಲಸ, ಆದರೆ ಅವನದನ್ನು ಎಷ್ಟು ಹೊತ್ತು ಕೂತು ಯೋಚಿಸಿದರೂ ಹೊಂದಲಿಲ್ಲ. ಇವತ್ತಿಗೂ ಹೊಂದಿಲ್ಲ.

ಪ್ರಭು ಹತ್ತನೆಯ ದಿನ ಕ್ಷೇಮವಾಗಿ ಬಂದ. ಅವನಿಗೆ ಹೆಣ್ಣು ಕೂಸು ಹುಟ್ಟಿತು. ನನ್ನ ಅಂಗಡಿ ತೆರೆದಿದೆ, ದ್ಯಾಮಣ್ಣ ಮತ್ತೆ ಒಂದೇ ಜೋಡು ಹಾಕಿಕೊಂಡು ಹೋಗುತ್ತಾನೆ. ಬಿಲ್ಲೆಯ ವಿಷಯವನ್ನು ಊರು ಮರೆಯುತ್ತಿದೆ. ಗೌಡರು ಮನಸ್ಸಿನಿಂದ ಒಳ್ಳೆಯವರು, ಕೊನೆಗೆ ಒಪ್ಪಿಕೊಂಡರಲ್ಲ ಎಂದು ಹೇಳುವವರೂ ಇದ್ದಾರೆ. ಅವರು ದಿನಾ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಹಾದು ಹೋಗುತ್ತಾರೆ. ನಿಂತು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಾರೆ. ನಾನು ಮಾಡುವುದಿಲ್ಲ.